ವಿದೇಶಿ ನೆರವು ಮತ್ತು ಊರಿನ ವ್ಯಾಪಾರ: ಸಾಮಾನು, ಕೂಪನ್, ನಗದು, ಬಂಡವಾಳ – ಯಾವುದು ಯಾವಾಗ?

ಎಲ್ಲೋ ಬರ ಬಿತ್ತು, ಇನ್ನೆಲ್ಲೋ ಭೂಕಂಪ ಆಯಿತು. ದುಡ್ಡು ಕೂಡಿಸಿದ್ದೂ ಆಯಿತು. ಈಗ ಅದನ್ನು ಯಾವ ರೂಪದಲ್ಲಿ ತಲುಪಿಸಬೇಕು? ಹೊರದೇಶದ ಕನ್ನಡ ಕೂಟಗಳ ಸಭೆಯಲ್ಲಿ, ನೆರವು ಸಂಸ್ಥೆಗಳ ಆಫೀಸಿನಲ್ಲಿ, ವಿದೇಶಿ ದೇಣಿಗೆ ಪಡೆಯುವ ಇಲ್ಲಿನ ಟ್ರಸ್ಟ್‌ಗಳಲ್ಲಿ ಈ ಮಾತು ಬರುತ್ತಲೇ ಇರುತ್ತದೆ. ಆಗ ಎಲ್ಲರ ಕಣ್ಣೂ ನೆರವು ಪಡೆಯುವ ಮನೆಯ ಮೇಲೆ. ಅದು ಸರಿಯೇ. ಆದರೆ ಆ ಮನೆಯ ಪಕ್ಕದಲ್ಲಿ ಒಂದು ಕಿರಾಣಿ ಅಂಗಡಿ ಇರುತ್ತದೆ. ಅಂಗಡಿಗೆ ಅಕ್ಕಿ ಕೊಡುವ ಮಂಡಿ, ಮಂಡಿಗೆ ಭತ್ತ ತರುವ ರೈತ, ಮಿಲ್ಲಿನವರು, ಲಾರಿಯವರು, ಹಮಾಲಿಗಳು ಇರುತ್ತಾರೆ. ಇವರೂ ಬಡ ದೇಶದ ಜನರೇ ಅಲ್ವಾ? ನೆರವು ಬಂದ ಮೇಲೆ ಇವರ ಗತಿ ಏನು ಅಂತ ಕೇಳುವವರು ಕಡಿಮೆ.

ಇಲ್ಲಿ ನೆರವಿನ ಬೇರೆ ಬೇರೆ ರೂಪಗಳನ್ನು ಈ ವ್ಯಾಪಾರಿಗಳ ಕಡೆಯಿಂದ ಹೋಲಿಸಿ ನೋಡೋಣ. ಅಳೆಯಲು ಎರಡು ಪ್ರಶ್ನೆ ಸಾಕು. ಒಂದು, ಬಿಲ್ ಹಾಕಿದ್ದು ಯಾರು? ಅಂದರೆ ನೆರವಿನ ದುಡ್ಡಿನಲ್ಲಿ ಕೊಂಡ ಸಾಮಾನು ಯಾವ ಊರಿನ ಯಾರ ಅಂಗಡಿಯಿಂದ ಬಂತು? ಎರಡು, ನೆರವು ನಿಂತ ಮೇಲೆ ಆ ಅಂಗಡಿ ಬಾಗಿಲು ತೆಗೆದಿರುತ್ತದಾ? ಮೊತ್ತ ಎಷ್ಟು ಅನ್ನುವುದಕ್ಕಿಂತ ಈ ಎರಡಕ್ಕೆ ಸಿಗುವ ಉತ್ತರವೇ ಸ್ಥಳೀಯ ವ್ಯಾಪಾರದ ಹಣೆಬರಹ ಬರೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಸಾಮಾನನ್ನೇ ಹಡಗಿಗೆ ಹಾಕಿ ಕಳಿಸುವುದು

ಇದು ತುಂಬಾ ಹಳೆಯ ದಾರಿ. ಕೊಡುವ ದೇಶದಲ್ಲಿ ಜಾಸ್ತಿ ಬೆಳೆದ ಧಾನ್ಯ ಇರುತ್ತದೆ, ಇನ್ನೊಂದು ಕಡೆ ಹಸಿವು ಇರುತ್ತದೆ. ಅಮೆರಿಕ 1954ರಲ್ಲಿ ಪಿಎಲ್ 480 ಅನ್ನುವ ಕಾನೂನು ಮಾಡಿದ್ದೇ ಇದಕ್ಕೆ. ನಮ್ಮಲ್ಲೂ ಒಂದು ತಲೆಮಾರಿಗೆ ಇದು ಬಾಯಿರುಚಿಯಾಗಿಯೇ ನೆನಪಿದೆ. ಸರ್ಕಾರಿ ಶಾಲೆಯ ಹಳದಿ ಗೋಧಿ ಉಪ್ಪಿಟ್ಟು, ಬಿಸಿನೀರಿಗೆ ಕದಡಿದ ಹಾಲಿನ ಪುಡಿ – ಅಮೆರಿಕ ಮೂಲದ ಕೇರ್ ಅನ್ನುವ ನೆರವು ಸಂಸ್ಥೆಯ ಮೂಲಕ ಬರುತ್ತಿದ್ದ ಸಾಮಾನು. ಆ ಉಪ್ಪಿಟ್ಟನ್ನು ಬೈಯುವವರು ಸಿಗುವುದು ಅಪರೂಪ.

ಇಲ್ಲಿ ಬಿಲ್ ಹಾಕುವುದು ಕೊಡುವ ದೇಶದ ರೈತ, ಅಲ್ಲಿನ ಮಿಲ್ಲು, ಅಲ್ಲಿನ ಹಡಗು ಕಂಪನಿ. ಅಮೆರಿಕದ ಆಹಾರ ನೆರವಿನಲ್ಲಿ ಕನಿಷ್ಠ ಅರ್ಧ ಭಾಗ ಅಮೆರಿಕದ ಬಾವುಟ ಹೊತ್ತ ಹಡಗಿನಲ್ಲೇ ಹೋಗಬೇಕು ಅನ್ನುವ ನಿಯಮವಿದೆ. ಸಾಗಣೆಗೇ ದುಡ್ಡು ಸಾಕಷ್ಟು ಕರಗುತ್ತದೆ, ತಿಂಗಳುಗಳೂ ಹಿಡಿಯುತ್ತವೆ. ಬರ ಬಿದ್ದಾಗ ಹೊರಟ ಧಾನ್ಯ ಸುಗ್ಗಿ ಹೊತ್ತಿಗೆ ಬಂದಿಳಿದರೆ ಏನಾಗುತ್ತದೆ ಅಂತ ನಮ್ಮ ಯಾವ ಎಪಿಎಂಸಿ ವರ್ತಕರನ್ನು ಕೇಳಿದರೂ ಹೇಳುತ್ತಾರೆ. ದರ ಬೀಳುತ್ತದೆ, ಬೆಳೆದವನ ಹೊಟ್ಟೆ ಮೇಲೆ ಹೊಡೆತ ಬೀಳುತ್ತದೆ.

ಹೈಟಿ ದೇಶದ ಅಕ್ಕಿಯ ವಿಷಯವನ್ನು ಇದಕ್ಕೆ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ. ಆದರೆ ಅದನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು. ಅಲ್ಲಿನ ಆರ್ಟಿಬೊನೀಟ್ ಕಣಿವೆ ಭತ್ತದ ಸೀಮೆ. 1995ರಲ್ಲಿ ಹೊರಗಿನವರ ಒತ್ತಡದಲ್ಲಿ ಹೈಟಿ ಅಕ್ಕಿಯ ಆಮದು ಸುಂಕವನ್ನು ಶೇ. 3ಕ್ಕೆ ಇಳಿಸಿತು. ಸಬ್ಸಿಡಿ ಪಡೆದ ಅಮೆರಿಕದ ಅಕ್ಕಿ ನುಗ್ಗಿತು. ಜನ ಅದನ್ನು 'ಮಿಯಾಮಿ ಅಕ್ಕಿ' ಅಂತ ಕರೆದರು. ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರ ಮಾರ್ಚ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ಆ ನೀತಿಯಿಂದ ತಮ್ಮ ಅರ್ಕನ್ಸಾಸ್ ರಾಜ್ಯದ ಕೆಲವು ರೈತರಿಗೆ ಒಳ್ಳೆಯದಾಗಿರಬಹುದು, ಹೈಟಿಗೆ ಆಗಲಿಲ್ಲ, ಅದು ತಪ್ಪು ಎಂದು ಒಪ್ಪಿಕೊಂಡರು. ಗಮನಿಸಿ: ಹಾನಿ ಮಾಡಿದ್ದು ಬರೀ ಉಚಿತ ಅಕ್ಕಿಯಲ್ಲ. ಸುಂಕ ಇಳಿಕೆ, ಅಗ್ಗದ ವ್ಯಾಪಾರದ ಅಕ್ಕಿ, ನೆರವಿನ ಅಕ್ಕಿ – ಮೂರೂ ಸೇರಿ ಹೊಡೆದವು. ನೆರವೊಂದನ್ನೇ ದೂರಿದರೆ ಲೆಕ್ಕ ತಪ್ಪುತ್ತದೆ. ಹಾಗಂತ ನೆರವಿಗೆ ಪಾಲೇ ಇಲ್ಲ ಅಂದರೂ ತಪ್ಪುತ್ತದೆ.

ಇನ್ನೊಂದು ಪದ್ಧತಿ ಇತ್ತು. ಸಂಸ್ಥೆಗಳು ಉಚಿತವಾಗಿ ಸಿಕ್ಕ ಧಾನ್ಯವನ್ನು ಬಡ ದೇಶದ ಮಾರುಕಟ್ಟೆಯಲ್ಲೇ ಮಾರಿ, ಬಂದ ದುಡ್ಡಿನಲ್ಲಿ ತಮ್ಮ ಯೋಜನೆ ನಡೆಸುವುದು. ಇದರಿಂದ ಸ್ಥಳೀಯ ರೈತರಿಗೆ ಪೆಟ್ಟು ಬೀಳುತ್ತದೆ ಅಂತ ಹೇಳಿ 2007ರಲ್ಲಿ ಕೇರ್ ಸಂಸ್ಥೆಯೇ ವರ್ಷಕ್ಕೆ ಸುಮಾರು 4.5 ಕೋಟಿ ಡಾಲರ್ ಮೌಲ್ಯದ ಇಂಥ ನೆರವು ಬೇಡ ಅಂದಿತು. ಬರುವ ದುಡ್ಡನ್ನು ಬೇಡ ಅನ್ನುವುದು ಸುಮ್ನೆ ಮಾತಲ್ಲ.

ಹಳೆ ಬಟ್ಟೆಯದು ಇನ್ನೂ ಗೋಜಲಿನ ವಿಷಯ. ಶ್ರೀಮಂತ ದೇಶದವರು ದಾನ ಅಂತ ಕೊಟ್ಟ ಬಟ್ಟೆಯಲ್ಲಿ ದೊಡ್ಡ ಪಾಲು ಬೇಲುಗಳಾಗಿ ಮಾರಾಟವಾಗಿ ಆಫ್ರಿಕಾ ಸೇರುತ್ತದೆ. 1981ರಿಂದ 2000ದವರೆಗೆ ಆಫ್ರಿಕಾದಲ್ಲಿ ಸಿದ್ಧ ಉಡುಪಿನ ತಯಾರಿಕೆ ಕುಸಿದದ್ದಕ್ಕೆ ಸುಮಾರು ಶೇ. 40ರಷ್ಟು ಕಾರಣ ಈ ಬಟ್ಟೆ ಎಂದು 2008ರಲ್ಲಿ ಬಂದ ಒಂದು ಅಧ್ಯಯನ ಹೇಳಿತು. ಸರಿ, ನಿಲ್ಲಿಸಿಬಿಡೋಣ ಅಂದರೆ? ನೈರೋಬಿಯ ಗಿಕೊಂಬಾ ಮಾರುಕಟ್ಟೆಗೆ ಹೋದರೆ ಬೇಲು ಬಿಚ್ಚುವವರು, ಇಸ್ತ್ರಿ ಹಾಕುವವರು, ಸೊಂಟ ಸಣ್ಣ ಮಾಡಿ ಹೊಲಿದು ಕೊಡುವ ಟೈಲರ್‌ಗಳು – ಇವರೆಲ್ಲರ ಹೊಟ್ಟೆಪಾಡು ಅದೇ 'ಮಿತುಂಬಾ' ಬಟ್ಟೆ. ಅವರೂ ವ್ಯಾಪಾರಿಗಳೇ. ರುವಾಂಡಾ 2016ರಲ್ಲಿ ಹಳೆ ಬಟ್ಟೆಯ ಸುಂಕವನ್ನು ಕಿಲೋಗೆ 20 ಸೆಂಟ್‌ನಿಂದ 2.50 ಡಾಲರ್‌ಗೆ ಏರಿಸಿತು. ಇದಕ್ಕೆ ಪ್ರತಿಯಾಗಿ 2018ರಲ್ಲಿ ಅಮೆರಿಕ ರುವಾಂಡಾದ ಸಿದ್ಧ ಉಡುಪಿಗೆ ಕೊಟ್ಟಿದ್ದ ಸುಂಕ ವಿನಾಯಿತಿಯನ್ನು ಅಮಾನತಿನಲ್ಲಿಟ್ಟಿತು. ದಾನದ ಹಿಂದೆ ಎಷ್ಟು ದೊಡ್ಡ ವ್ಯಾಪಾರ ಇದೆ ಅನ್ನುವುದು ಆಗ ಬಯಲಾಯಿತು.

ಹಾಗಾದರೆ ಸಾಮಾನು ಕಳಿಸುವುದು ಯಾವಾಗ ಸರಿ? ಅಂಗಡಿಯಲ್ಲಿ ಸಾಮಾನೇ ಇಲ್ಲದಾಗ. ರಸ್ತೆ ಕಿತ್ತುಹೋಗಿ ಲಾರಿ ಬರದಿದ್ದಾಗ. ಇಡೀ ಸೀಮೆಯಲ್ಲಿ ಬೆಳೆ ಕೈಕೊಟ್ಟಾಗ. ಲಸಿಕೆ, ಔಷಧಿಯಂಥ, ಅಲ್ಲಿ ತಯಾರಾಗದ ವಸ್ತು ಬೇಕಾದಾಗ. ಬಟ್ಟೆ ಮಾತ್ರ ಕಳಿಸಬೇಡಿ. 2004ರ ಸುನಾಮಿ ನಂತರ ನಾಗಪಟ್ಟಣದ ರಸ್ತೆ ಬದಿ ಹಳೆ ಬಟ್ಟೆ ರಾಶಿ ಬಿದ್ದಿತ್ತು. ಯಾರೂ ಮುಟ್ಟಲಿಲ್ಲ.

ಅದೇ ಸಾಮಾನು, ಬೇರೆ ಫಲ: ಹಾಲಿನ ಪುಡಿಯ ವಿಷಯ

ಸಾಮಾನಿನ ನೆರವು ಅಂದ ಕೂಡಲೇ ಕೆಟ್ಟದ್ದು ಅನ್ನುವ ಹಾಗಿಲ್ಲ. ಅದಕ್ಕೆ ನಮ್ಮ ಮನೆಬಾಗಿಲಿಗೆ ಬರುವ ಹಾಲೇ ಸಾಕ್ಷಿ.

1960ರ ದಶಕದ ಕೊನೆಯಲ್ಲಿ ಯೂರೋಪಿನಲ್ಲಿ ಹಾಲಿನ ಪುಡಿ, ಬೆಣ್ಣೆ ಬೆಟ್ಟದಷ್ಟು ಬಿದ್ದಿತ್ತು. ಅದನ್ನು ಬಡ ದೇಶಗಳಿಗೆ ಉಚಿತವಾಗಿ ಸುರಿದರೆ ಅಲ್ಲಿನ ಹಾಲು ಮಾರುವವರು ಉಳಿಯುವುದಿಲ್ಲ. ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಈ ಅಪಾಯವನ್ನು ಮೊದಲೇ ಕಂಡರು. ನೆರವು ಬೇಡ ಅನ್ನಲಿಲ್ಲ, ಹಂಚುವ ಬಗೆಯನ್ನು ಬದಲಿಸಿದರು. 1970ರಲ್ಲಿ ಶುರುವಾದ, ದೇಶದ ಹಾಲಿನ ಉತ್ಪಾದನೆ ಹೆಚ್ಚಿಸುವ 'ಆಪರೇಷನ್ ಫ್ಲಡ್' ಯೋಜನೆಯ ಮೊದಲ ಹಂತಕ್ಕೆ ಐರೋಪ್ಯ ಆರ್ಥಿಕ ಸಮುದಾಯ 1,26,000 ಟನ್ ಹಾಲಿನ ಪುಡಿ ಮತ್ತು 42,000 ಟನ್ ಬಟರ್ ಆಯಿಲ್ ಕೊಡಲು ಒಪ್ಪಿತು. ಅದು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಬಂತು. ಮುಂಬೈ, ದೆಹಲಿ, ಕೋಲ್ಕತಾ, ಚೆನ್ನೈ ಡೇರಿಗಳಲ್ಲಿ ಪುಡಿಯನ್ನು ಮತ್ತೆ ಹಾಲು ಮಾಡಿ ಮಾರಿದರು. ಫುಕಟ್ಟೆ ಅಲ್ಲ, ದುಡ್ಡಿಗೆ. ದರವೂ ಹಳ್ಳಿಯ ಹಾಲಿನ ಬೆಲೆ ಕೆಡಿಸದ ಹಾಗೆ. ಬಂದ ದುಡ್ಡು ಶೀತಲೀಕರಣ ಘಟಕಗಳಿಗೆ, ಪಶು ಆಹಾರದ ಕಾರ್ಖಾನೆಗಳಿಗೆ, ಹಳ್ಳಿಯ ಸಹಕಾರ ಸಂಘಗಳಿಗೆ ಹೋಯಿತು.

ಇಲ್ಲಿ ಮೂರು ಸಂಗತಿ ಒಟ್ಟಿಗೆ ಕೂಡಿದವು. ಸಾಮಾನಿನ ಮೇಲಿನ ಹಿಡಿತ ಕೊಡುವವರ ಕೈಯಲ್ಲಿರಲಿಲ್ಲ, ಪಡೆಯುವವರ ಕೈಯಲ್ಲಿತ್ತು. ದರ ಬೀಳದ ಹಾಗೆ ನೋಡಿಕೊಂಡರು. ಪುಡಿ ಮಾರಿದ ದುಡ್ಡು ಪುಡಿಯೇ ಬೇಕಾಗದಂಥ ವ್ಯವಸ್ಥೆ ಕಟ್ಟಲು ಹೋಯಿತು. ಹೊರಗಿನ ಪುಡಿಗೆ ನಾವು ಅಂಟಿಕೊಳ್ಳುತ್ತಿದ್ದೇವೆ ಎಂದು 80ರ ದಶಕದಲ್ಲಿ ಟೀಕೆಗಳೂ ಬಂದವು, ಅವು ಹುರುಳಿಲ್ಲದವೇನಲ್ಲ. ಆದರೂ 90ರ ದಶಕದ ಕೊನೆಗೆ ಭಾರತ ಹಾಲಿನ ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲ ಸ್ಥಾನಕ್ಕೆ ಬಂತು. ಕರ್ನಾಟಕದಲ್ಲಿ ವಿಶ್ವ ಬ್ಯಾಂಕ್ ನೆರವಿನ ಡೇರಿ ಯೋಜನೆ 1974ರಲ್ಲಿ ಶುರುವಾಯಿತು. ಅದನ್ನು ನಡೆಸಿದ ನಿಗಮವೇ ಮುಂದೆ 1984ರಲ್ಲಿ ಕೆಎಂಎಫ್ ಆಯಿತು. ಇವತ್ತು ಹಳ್ಳಿಯ ಡೇರಿಯಲ್ಲಿ ಬೆಳಿಗ್ಗೆ ಕ್ಯಾನು ಹಿಡಿದು ಸಾಲು ನಿಲ್ಲುವವರಿಗೆ ಇದರ ಬೇರು ಒಂದು ಕಾಲದ ವಿದೇಶಿ ನೆರವಿನಲ್ಲಿದೆ ಅಂತ ಗೊತ್ತಿರುವುದು ಕಡಿಮೆ. ಗೊತ್ತಿರಬೇಕಾಗಿಯೂ ಇಲ್ಲ. ನೆರವು ಹಾಗೆ ಮರೆತುಹೋದರೇ ಒಳ್ಳೆಯದು.

ಕೇರ್ ಕೈಬಿಟ್ಟ ಪದ್ಧತಿಯಲ್ಲೂ ಮಾರಾಟವಿತ್ತು, ಇಲ್ಲೂ ಮಾರಾಟವಿತ್ತು. ವ್ಯತ್ಯಾಸ ಏನು? ಅಲ್ಲಿ ಗೋಧಿ ಮಾರಿದ ದುಡ್ಡು ಗೋಧಿ ಬೆಳೆಗಾರನಿಗೆ ಹೋಗಬೇಕು ಅಂತ ಯಾರೂ ಕಟ್ಟು ಹಾಕಿರಲಿಲ್ಲ. ಇಲ್ಲಿ ಹಾಲು ಮಾರಿದ ದುಡ್ಡು ಹಾಲಿನವರಿಗೇ ಹೋಯಿತು.

ಅಲ್ಲೇ ಕೊಂಡು ಅಲ್ಲೇ ಹಂಚುವುದು

ಹಡಗಿನ ಬದಲು ದುಡ್ಡು ಕಳಿಸಿ, ಅಲ್ಲೇ ಅಥವಾ ಪಕ್ಕದ ದೇಶದಲ್ಲಿ ಖರೀದಿ ಮಾಡುವ ದಾರಿ ಇದು. ಕೆನಡಾ 2008ರಲ್ಲಿ ತನ್ನ ಆಹಾರ ನೆರವಿಗೆ 'ನಮ್ಮ ದೇಶದ್ದೇ ಆಗಬೇಕು' ಅನ್ನುವ ಷರತ್ತನ್ನು ತೆಗೆದುಹಾಕಿತು. ಅದೇ ವರ್ಷ ವಿಶ್ವ ಆಹಾರ ಕಾರ್ಯಕ್ರಮ ಸಣ್ಣ ರೈತರ ಗುಂಪುಗಳಿಂದಲೇ ಧಾನ್ಯ ಕೊಳ್ಳುವ ಪ್ರಯೋಗ ಶುರುಮಾಡಿತು. 20 ದೇಶಗಳಲ್ಲಿ ಅದು ನಡೆಯಿತು.

ಕಾಗದದ ಮೇಲೆ ಎಲ್ಲಾ ಚೆನ್ನಾಗಿರುತ್ತದೆ. ಟೆಂಡರ್ ಫಾರಂ ಬಿಚ್ಚಿದ ಮೇಲೆ ಗೊತ್ತಾಗುತ್ತದೆ. ಮೂರು ವರ್ಷದ ಆಡಿಟ್ ಆದ ಲೆಕ್ಕ, ಬ್ಯಾಂಕ್ ಗ್ಯಾರಂಟಿ, ತೇವಾಂಶದ ಪರೀಕ್ಷೆ, ಮುದ್ರೆ ಹಾಕಿದ ಚೀಲ, ಒಂದೇ ಕಂತಿನಲ್ಲಿ ನೂರಾರು ಟನ್. ಸರಬರಾಜು ಮಾಡಿ ತಿಂಗಳುಗಟ್ಟಲೆ ಕಾದ ಮೇಲೆ ದುಡ್ಡು. ರೈತನಿಗೆ ಅವತ್ತೇ ಕೈಗೆ ಕಾಸು ಬೇಕು. ಹೀಗಾಗಿ 'ಸ್ಥಳೀಯ ಖರೀದಿ' ಅಂದರೂ ಹಲವು ಕಡೆ ಆರ್ಡರ್ ಹೋಗುವುದು ರಾಜಧಾನಿಯ ನಾಲ್ಕು ದೊಡ್ಡ ವರ್ತಕರಿಗೆ. ಟೆಂಡರಿನ ಗಾತ್ರ ಸಣ್ಣದು ಮಾಡಿ, ಮುಂಗಡ ಕೊಟ್ಟರೆ ಮಾತ್ರ ಸಣ್ಣವರು ಒಳಗೆ ಬರುತ್ತಾರೆ.

ಸೊಳ್ಳೆಪರದೆಯ ವಿಷಯ ಇಲ್ಲಿ ಹೇಳಲೇಬೇಕು. ಉಚಿತ ಪರದೆ ಬಂದು ಆಫ್ರಿಕಾದ ಪರದೆ ತಯಾರಕ ಮುಳುಗಿದ ಅನ್ನುವ ಮಾತು ನೆರವಿನ ವಿರೋಧಿಗಳ ಬಾಯಲ್ಲಿ ಸದಾ ಇರುತ್ತದೆ. ತಾಂಜಾನಿಯಾದಲ್ಲಿ ನಡೆದದ್ದು ಅಷ್ಟು ಸರಳವಲ್ಲ. ಅಲ್ಲಿ ಪರದೆ ತಯಾರಿಸುವ ಹಲವು ಕಾರ್ಖಾನೆಗಳಿದ್ದವು. 2004ರಿಂದ ಸರ್ಕಾರ, ವಿದೇಶಿ ನೆರವಿನ ಬಲದಿಂದ, ಗರ್ಭಿಣಿಯರಿಗೆ ರಿಯಾಯಿತಿ ಚೀಟಿ ಕೊಟ್ಟಿತು. 'ಹಾತಿ ಪುಂಗುಜೊ' ಅಂತ ಅದರ ಹೆಸರು. ಆಸ್ಪತ್ರೆಯಲ್ಲಿ ಚೀಟಿ ತೆಗೆದುಕೊಂಡು, ಊರಿನ ಅಂಗಡಿಗೆ ಹೋಗಿ, ಸ್ವಲ್ಪ ದುಡ್ಡು ಸೇರಿಸಿ ಪರದೆ ಕೊಳ್ಳಬೇಕು. ಅಂಗಡಿಯವನಿಗೂ ಲಾಭ, ಸಗಟು ವ್ಯಾಪಾರಿಗೂ ಲಾಭ.

ಇದೇ ಹೊತ್ತಿಗೆ ಜಪಾನಿನ ಸುಮಿಟೊಮೊ ಕೆಮಿಕಲ್ ಕಂಪನಿ, ವರ್ಷಗಟ್ಟಲೆ ಔಷಧಿ ಉಳಿಯುವ ಪರದೆಯ ತಂತ್ರಜ್ಞಾನವನ್ನು ಅರುಷಾದ ಎ ಟು ಜೆಡ್ ಟೆಕ್ಸ್‌ಟೈಲ್ ಮಿಲ್ಸ್‌ಗೆ ಕೊಟ್ಟಿತು. ಆಮೇಲೆ ಮನೆಮನೆಗೆ ಉಚಿತ ಪರದೆ ಹಂಚುವ ದೊಡ್ಡ ಅಭಿಯಾನ ಬಂತು. ಆ ಬಗೆಯ ಪರದೆಯೇ ಬೇಕು ಅಂತಾಯಿತು. ಅರುಷಾದ ಕಾರ್ಖಾನೆ ಸಾವಿರಾರು ಜನಕ್ಕೆ ಕೆಲಸ ಕೊಟ್ಟು ಬೆಳೆಯಿತು. ಹಳೆ ಬಗೆಯ ಪರದೆ ನೇಯುತ್ತಿದ್ದವರಿಗೆ, ಅದನ್ನು ಮಾರುತ್ತಿದ್ದ ಅಂಗಡಿಗಳಿಗೆ ಗಿರಾಕಿ ಕಡಿಮೆಯಾದರು. ಒಂದೇ ನೆರವು, ಒಂದೇ ದೇಶ. ಒಬ್ಬರು ಗೆದ್ದರು, ಹಲವರು ಸೋತರು.

ಹಾಗಾದರೆ ಉಚಿತ ಕೊಡಬಾರದಿತ್ತಾ? ಕೊಡಬೇಕಿತ್ತು ಅನ್ನುತ್ತೇನೆ. ಕೆನ್ಯಾದಲ್ಲಿ ಗರ್ಭಿಣಿಯರ ಕ್ಲಿನಿಕ್‌ಗಳಲ್ಲಿ ನಡೆಸಿದ ಒಂದು ಪ್ರಯೋಗದಲ್ಲಿ, ಪರದೆಗೆ ಬರೀ 60 ಸೆಂಟ್ ಬೆಲೆ ಇಟ್ಟಾಗ ತೆಗೆದುಕೊಳ್ಳುವವರ ಪ್ರಮಾಣ 60 ಶೇಕಡಾಂಶ ಕುಸಿಯಿತು. ಮಲೇರಿಯಾದಿಂದ ಮಗು ಸಾಯುವುದು ತಪ್ಪುತ್ತದೆ ಅನ್ನುವಾಗ ಅಂಗಡಿಯವನ ಲಾಭ ಎರಡನೇ ಮಾತು. ಇನ್ನೂ ಒಂದು ಸ್ವಾರಸ್ಯ: ಮೊದಲು ಅಗ್ಗಕ್ಕೆ ಪಡೆದವರೇ ಎರಡನೇ ಪರದೆಗೆ ದುಡ್ಡು ಕೊಡಲು ಹೆಚ್ಚು ಮುಂದೆ ಬಂದರು ಅಂತ ಮುಂದಿನ ಅಧ್ಯಯನ ತೋರಿಸಿತು. ಉಚಿತ ಕೊಟ್ಟರೆ ಜನ ಕೆಡುತ್ತಾರೆ ಅನ್ನುವ ಮಾತು ಎಲ್ಲಾ ಕಡೆ ನಿಲ್ಲುವುದಿಲ್ಲ. ಮನೆಗೆ ಉಚಿತವಾಗಿ ಕೊಡಿ. ಆರ್ಡರನ್ನು ಮಾತ್ರ ಅಲ್ಲಿನ ಕಾರ್ಖಾನೆಗಳಿಗೆ, ಒಂದಕ್ಕೇ ಅಲ್ಲದೆ ಎರಡು ಮೂರಕ್ಕೆ ಹಂಚಿ ಕೊಡಿ.

ಕೂಪನ್ ಮತ್ತು ಕಾರ್ಡು

ಕೂಪನ್‌ನಲ್ಲಿ ಗಿರಾಕಿ ಅಂಗಡಿಗೇ ಬರುತ್ತಾನೆ. ಅದು ದೊಡ್ಡ ಅನುಕೂಲ. ಕೆನ್ಯಾದ ಕಕುಮಾ ನಿರಾಶ್ರಿತರ ಶಿಬಿರದಲ್ಲಿ 2015ರಿಂದ ಪಡಿತರದ ಒಂದು ಭಾಗವನ್ನು ಮೊಬೈಲ್ ಮೂಲಕ ಕೊಡಲು ಶುರುಮಾಡಿದರು. 'ಬಂಬಾ ಚಕುಲಾ' ಅಂತ ಹೆಸರು. ಫೋನಿಗೆ ಬಂದ ಮೊತ್ತವನ್ನು ಒಪ್ಪಂದ ಮಾಡಿಕೊಂಡ ಅಂಗಡಿಗಳಲ್ಲಿ ಆಹಾರಕ್ಕೆ ಮಾತ್ರ ಬಳಸಬಹುದು. ಸೊಮಾಲಿಯಾದಿಂದ, ದಕ್ಷಿಣ ಸುಡಾನ್‌ನಿಂದ ಬಂದ ನಿರಾಶ್ರಿತರೂ, ಸುತ್ತಲಿನ ತುರ್ಕಾನಾ ಜನರೂ ಅಂಗಡಿ ಇಟ್ಟರು. ಶಿಬಿರದ ಸುತ್ತ 2,000ಕ್ಕೂ ಹೆಚ್ಚು ವ್ಯಾಪಾರಗಳಿವೆ ಅಂತ 2018ರ ಒಂದು ಸಮೀಕ್ಷೆ ಎಣಿಸಿತು.

ತೊಂದರೆ ಎಲ್ಲಿ? ಒಪ್ಪಂದ ಸಿಕ್ಕ ಅಂಗಡಿಗೆ ಹಬ್ಬ, ಸಿಗದ ಅಂಗಡಿಗೆ ನೊಣ ಹೊಡೆಯುವ ಕೆಲಸ. ಜೊತೆಗೆ ಉದ್ರಿ. ಮೊತ್ತ ತಿಂಗಳಿಗೊಮ್ಮೆ ಬರುತ್ತದೆ, ಹೊಟ್ಟೆ ದಿನಾ ಕೇಳುತ್ತದೆ. ಹಾಗಾಗಿ ಮನೆಯವರು ಒಂದೇ ಅಂಗಡಿಯಲ್ಲಿ ಉದ್ರಿ ಬರೆಸುತ್ತಾರೆ. ಸಿಮ್ಮನ್ನೋ ಕಾರ್ಡನ್ನೋ ಅಂಗಡಿಯವನ ಹತ್ತಿರವೇ ಒತ್ತೆ ಇಡುತ್ತಾರೆ. ದುಡ್ಡು ಬಂದ ದಿನ ಅವನೇ ಹಳೆ ಬಾಕಿ ಮುರಿದುಕೊಳ್ಳುತ್ತಾನೆ. ಬೇರೆ ಅಂಗಡಿಯಲ್ಲಿ ಅಗ್ಗ ಇದ್ದರೂ ಹೋಗುವ ಹಾಗಿಲ್ಲ. ಅಂಗಡಿಯವನನ್ನೂ ಪೂರ್ತಿ ಬೈಯುವಂತಿಲ್ಲ. ನೆರವು ತಡವಾದ ತಿಂಗಳು ಆ ಮನೆಗಳಿಗೆ ಹಿಟ್ಟು ಎಣ್ಣೆ ಕೊಟ್ಟವನು ಅವನೇ.

ಕೂಪನ್ ಆರಿಸುವುದಾದರೆ ಒಂದು ಷರತ್ತು ಹಾಕಿಕೊಳ್ಳಿ: ಬಾಗಿಲು ಎಲ್ಲರಿಗೂ ತೆರೆದಿರಲಿ. ಕನಿಷ್ಠ ಅರ್ಹತೆ ಇರುವ ಯಾವ ಅಂಗಡಿ ಬೇಕಾದರೂ ಸೇರಬಹುದು ಅಂತ ಇರಲಿ. ಮೂರೇ ಅಂಗಡಿಗೆ ಕಟ್ಟಿಹಾಕುವ ಕೂಪನ್‌ಗಿಂತ ಸಾಮಾನು ಹಂಚುವುದೇ ವಾಸಿ.

ನಗದು

ನನಗೆ ಕೇಳಿದರೆ ಹೆಚ್ಚಿನ ಸಂದರ್ಭಗಳಲ್ಲಿ ಇದೇ ಮೊದಲ ಆಯ್ಕೆ. ಸುಮ್ನೆ ಹೇಳುತ್ತಿಲ್ಲ. ಪಶ್ಚಿಮ ಕೆನ್ಯಾದ ಸಿಯಾಯಾದಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆ 10,500ಕ್ಕೂ ಹೆಚ್ಚು ಬಡ ಮನೆಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟಿತು. 653 ಹಳ್ಳಿಗಳನ್ನು ಲಾಟರಿ ಥರ ವಿಂಗಡಿಸಿ ಅರ್ಥಶಾಸ್ತ್ರಜ್ಞರು ಪರಿಣಾಮ ಅಳೆದರು. ಆ ಪ್ರದೇಶದ ಆರ್ಥಿಕತೆಗೆ ಇದು ಸಣ್ಣ ಮೊತ್ತವಲ್ಲ. ಕೊಟ್ಟ ಒಂದು ಡಾಲರ್‌ಗೆ ಸುಮಾರು ಎರಡೂವರೆ ಡಾಲರಿನಷ್ಟು ಸ್ಥಳೀಯ ಆದಾಯ ಹುಟ್ಟಿತು. ದುಡ್ಡು ಸಿಗದ ಪಕ್ಕದ ಮನೆಯವರ ಖರ್ಚೂ ಏರಿತು. ಬೆಲೆ ಏರಿದ್ದು ಬರೀ ಶೇ. 0.1ರಷ್ಟು.

ಬೆಲೆ ಯಾಕೆ ಏರಲಿಲ್ಲ? ಹಳ್ಳಿಯ ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಯಂತ್ರ ಇದೆ, ನಡೆಸುವವನು ಇದ್ದಾನೆ. ಗಿರಾಕಿ ಬಂದಾಗ ಚಾಲೂ, ಇಲ್ಲದಿದ್ದರೆ ಬಾಗಿಲ ಬಳಿ ಕೂತಿರುತ್ತಾನೆ. ಇನ್ನೂ ಹತ್ತು ಜನ ಜೋಳ ತಂದರೆ ಅವನು ದರ ಏರಿಸಬೇಕಿಲ್ಲ, ಯಂತ್ರ ಇನ್ನೊಂದು ಗಂಟೆ ಓಡಿಸಿದರೆ ಆಯಿತು. ಟೈಲರ್, ಬಾಡಿಗೆ ಬೈಕಿನವನು, ಚಹಾ ಅಂಗಡಿ – ಎಲ್ಲರದ್ದೂ ಇದೇ ಲೆಕ್ಕ. ಬಡ ಊರುಗಳಲ್ಲಿ ಅಂಗಡಿಗಳಿಗೆ ಕೊರತೆ ಇರುವುದು ಸಾಮಾನಿನದ್ದಲ್ಲ, ಗಿರಾಕಿಗಳದ್ದು. ಆದರೆ ಒಂದು ಮಾತು. ವಹಿವಾಟು ಜಾಸ್ತಿಯಾದರೂ ಅಂಗಡಿಯವರು ಹೊಸ ಬಂಡವಾಳ ಹಾಕಿದ್ದು ಹೆಚ್ಚೇನೂ ಕಾಣಲಿಲ್ಲ. ಅಂದರೆ ಇದ್ದ ವ್ಯಾಪಾರ ಚುರುಕಾಯಿತು, ಹೊಸ ಕಾರ್ಖಾನೆ ಏಳಲಿಲ್ಲ.

ದೂರದ, ರಸ್ತೆ ಸರಿಯಿಲ್ಲದ ಊರಿನಲ್ಲಿ ಈ ಲೆಕ್ಕ ತಿರುಗುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ನಗದು ಯೋಜನೆ ಬಂದಾಗ ಒಳನಾಡಿನ ಹಳ್ಳಿಗಳಲ್ಲಿ ಮೊಟ್ಟೆಯಂಥ ಬೇಗ ಕೆಡುವ ಪದಾರ್ಥಗಳ ಬೆಲೆ ಏರಿತು. ಮೆಕ್ಸಿಕೋದಲ್ಲಿ ಸರ್ಕಾರ ಕೆಲವು ಹಳ್ಳಿಗೆ ಆಹಾರದ ಪೊಟ್ಟಣ, ಕೆಲವಕ್ಕೆ ನಗದು ಕೊಟ್ಟು ನೋಡಿತು. ಪೊಟ್ಟಣ ಹೋದ ಕಡೆ ಆಹಾರದ ಬೆಲೆ, ನಗದು ಹೋದ ಕಡೆಗೆ ಹೋಲಿಸಿದರೆ, ಸುಮಾರು ಶೇ. 4ರಷ್ಟು ಕಡಿಮೆ ಇತ್ತು. ಕೊಳ್ಳುವವರಿಗೆ ಖುಷಿ, ಮಾರುವವರಿಗೆ ನಷ್ಟ.

ಅಕ್ಕಿಯಾ ದುಡ್ಡಾ ಅನ್ನುವ ಚರ್ಚೆ ನಮಗೂ ಹೊಸದಲ್ಲ. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿ ಸಿಗದೆ 2023ರ ಜುಲೈನಿಂದ ಕರ್ನಾಟಕ ಸರ್ಕಾರ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. 2025ರಲ್ಲಿ ಮತ್ತೆ ಅಕ್ಕಿಗೇ ಮರಳಿತು. ಅದು ವಿದೇಶಿ ನೆರವಲ್ಲ, ನಿಜ. ಆದರೆ ಆ 170 ರೂಪಾಯಿ ಎಷ್ಟು ಮನೆಗಳಲ್ಲಿ ಅಕ್ಕಿಯಾಯಿತು, ಎಷ್ಟು ಮನೆಗಳಲ್ಲಿ ಎಣ್ಣೆ ಬೇಳೆಯಾಯಿತು ಅಂತ ನಿಮ್ಮ ಬೀದಿಯ ಅಂಗಡಿಯವರನ್ನು ಕೇಳಿ ನೋಡಿ. ಈ ವಿಷಯ ಬೇಗ ಅರ್ಥವಾಗುತ್ತದೆ.

ವ್ಯಾಪಾರಿಗೇ ನೇರವಾಗಿ ಬಂಡವಾಳ

ಗಿರಾಕಿಯ ಬದಲು ಅಂಗಡಿಯವನಿಗೇ ದುಡ್ಡು ಕೊಟ್ಟರೆ? ಶ್ರೀಲಂಕಾದಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಲ್ಲಿನ 10,000 ಅಥವಾ 20,000 ರೂಪಾಯಿ ಕೊಟ್ಟು ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ತಿಂಗಳಿಗೆ ಸುಮಾರು ಶೇ. 5ರಷ್ಟು ಲಾಭ ಹುಟ್ಟಿತು. ಬ್ಯಾಂಕ್ ಬಡ್ಡಿಗಿಂತ ಎಷ್ಟೋ ಜಾಸ್ತಿ. ಆದರೆ ಅದೆಲ್ಲಾ ಗಂಡಸರ ವ್ಯಾಪಾರದಲ್ಲಿ. ಹೆಂಗಸರ ವ್ಯಾಪಾರದಲ್ಲಿ ಲಾಭ ಏರಲೇ ಇಲ್ಲ. ಹೆಂಗಸರಿಗೆ ವ್ಯಾಪಾರ ಬರುವುದಿಲ್ಲ ಅಂತ ಯಾರಾದರೂ ಹೇಳುವ ಮೊದಲು ಇದನ್ನೂ ಕೇಳಿ: ಹಲವು ಮನೆಗಳಲ್ಲಿ ಹೆಂಡತಿಯ ಹೆಸರಿಗೆ ಬಂದ ದುಡ್ಡು ಗಂಡನ ವ್ಯಾಪಾರಕ್ಕೆ ಹೋಗಿತ್ತು ಅಂತ ಆಮೇಲಿನ ಅಧ್ಯಯನ ತೋರಿಸಿತು. ಮನೆಯಲ್ಲಿ ಅವಳೊಬ್ಬಳೇ ವ್ಯಾಪಾರ ಮಾಡುವಲ್ಲಿ ಅವಳ ಲಾಭವೂ ಗಂಡಸರಷ್ಟೇ ಇತ್ತು.

ಸ್ವಲ್ಪ ದೊಡ್ಡ ಮಟ್ಟದಲ್ಲಿ ನೈಜೀರಿಯಾದ ಪ್ರಯೋಗವಿದೆ. 2011ರಲ್ಲಿ ಅಲ್ಲಿನ ಸರ್ಕಾರ, ಬ್ರಿಟನ್ ಮತ್ತು ವಿಶ್ವ ಬ್ಯಾಂಕ್ ಬೆಂಬಲದೊಂದಿಗೆ, ವ್ಯಾಪಾರ ಯೋಜನೆಗಳ ಸ್ಪರ್ಧೆ ನಡೆಸಿತು. ಸುಮಾರು 24,000 ಅರ್ಜಿ ಬಂದವು. 1,200 ಜನ ಗೆದ್ದರು. ತಲಾ ಸರಾಸರಿ 50,000 ಡಾಲರ್, ಕಂತುಗಳಲ್ಲಿ. ಮೂರು ವರ್ಷದ ನಂತರ ನೋಡಿದರೆ ಗೆದ್ದವರ ವ್ಯಾಪಾರ ನಿಂತಿರುವ, ಹತ್ತಕ್ಕಿಂತ ಹೆಚ್ಚು ಜನಕ್ಕೆ ಕೆಲಸ ಕೊಟ್ಟಿರುವ ಸಾಧ್ಯತೆ ಸೋತವರಿಗಿಂತ ಬಹಳ ಹೆಚ್ಚಿತ್ತು. ಹೊಸ ಉದ್ಯಮ, ಹೊಸ ಕೆಲಸ ಬೇಕು ಅಂದರೆ ನಗದು ಹಂಚುವುದಕ್ಕಿಂತ ಇದು ಮೇಲು. ಆದರೆ ಇದು ತೀರಾ ಬಡವರನ್ನು ಮುಟ್ಟುವುದಿಲ್ಲ. ವಶೀಲಿಬಾಜಿಗೂ ದಾರಿ ಜಾಸ್ತಿ. ನೈಜೀರಿಯಾದಲ್ಲಿ ವಿಜೇತರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಲಾಟರಿಯಲ್ಲಿ ಆರಿಸಿದ್ದು ಅಧ್ಯಯನಕ್ಕೂ ಒಳ್ಳೆಯದಾಯಿತು, ಶಿಫಾರಸು ತಪ್ಪಿಸಲೂ ಒಳ್ಳೆಯದಾಯಿತು.

ಕಂಪನಿಯ ಜೊತೆ ಸಮಪಾಲು ಹಾಕುವ ದಾರಿಯೂ ಇದೆ. ಮೊಬೈಲಿನಲ್ಲೇ ದುಡ್ಡು ಕಳಿಸುವ ಕೆನ್ಯಾದ ಎಂ-ಪೆಸಾ ಸೇವೆ 2007ರಲ್ಲಿ ಶುರುವಾಗುವ ಮೊದಲು ಬ್ರಿಟನ್ ಸರ್ಕಾರದ ನೆರವು ಇಲಾಖೆ ಸುಮಾರು 10 ಲಕ್ಷ ಪೌಂಡ್ ಕೊಟ್ಟಿತ್ತು, ವೊಡಾಫೋನ್ ಕೂಡ ತನ್ನ ಪಾಲು ಹಾಕಿತು. ಇಂಥವು ಹತ್ತರಲ್ಲಿ ಒಂದು ಗೆಲ್ಲುತ್ತದೋ ಇಲ್ಲವೋ. ಕೂಟದ ದುಡ್ಡಿನಲ್ಲಿ ಆಡುವ ಆಟ ಇದಲ್ಲ, ಬಿಡಿ.

ಷರತ್ತಿನ ಸಾಲ, ನಮ್ಮದೂ ಸೇರಿ

'ದುಡ್ಡು ಕೊಡುತ್ತೇವೆ, ಆದರೆ ಸಾಮಾನು ನಮ್ಮಲ್ಲೇ ಕೊಳ್ಳಬೇಕು.' ಇಂಥ ಷರತ್ತಿನಿಂದ ಖರ್ಚು ಶೇ. 15ರಿಂದ 30ರಷ್ಟು ಏರುತ್ತದೆ ಅನ್ನುವುದು ಶ್ರೀಮಂತ ದೇಶಗಳ ಒಇಸಿಡಿ ಒಕ್ಕೂಟವೇ ಒಪ್ಪುವ ಅಂದಾಜು. ಸ್ಥಳೀಯ ಗುತ್ತಿಗೆದಾರನಿಗೆ ಸಿಗುವುದು ಮಣ್ಣು ಅಗೆಯುವ ಉಪಗುತ್ತಿಗೆ.

ಬಿಳಿಯರನ್ನು ಬೈದು ಸುಮ್ಮನಾಗುವ ಹಾಗಿಲ್ಲ. ಭಾರತ ಸರ್ಕಾರ ತನ್ನ ಆಮದು-ರಫ್ತು ಬ್ಯಾಂಕ್ ಆದ ಎಕ್ಸಿಮ್ ಬ್ಯಾಂಕ್ ಮೂಲಕ ಬಡ ದೇಶಗಳಿಗೆ ಕೊಡುವ ರಿಯಾಯಿತಿ ಸಾಲದಲ್ಲೂ ಸಾಮಾನ್ಯವಾಗಿ ಶೇ. 75ರಷ್ಟು ಸರಕು ಮತ್ತು ಸೇವೆ ಭಾರತದಿಂದಲೇ ಹೋಗಬೇಕು. ಇಥಿಯೋಪಿಯಾದ ಸಕ್ಕರೆ ಕಾರ್ಖಾನೆಗಳಿಗೆ 64 ಕೋಟಿ ಡಾಲರ್ ಸಾಲ ಕೊಟ್ಟಾಗ ಬಿಲ್ ಹಾಕಿದ್ದು ಹೆಚ್ಚಾಗಿ ನಮ್ಮ ಕಂಪನಿಗಳೇ. ತೆಂದಾಹೊ ಕಾರ್ಖಾನೆಯ ಕೆಲಸ ವರ್ಷಗಟ್ಟಲೆ ಎಳೆಯಿತು. ನಮ್ಮ ರಫ್ತುದಾರರಿಗೆ ಇದು ಒಳ್ಳೆಯದೇ. ಅದನ್ನು ನೆರವು ಅಂತಲೇ ಕರೆಯಬೇಕಾ ಅನ್ನುವುದು ಬೇರೆ ಮಾತು.

ಯೋಜನಾ ವರದಿಯಲ್ಲಿ ಕಾಣದ ಪೆಟ್ಟುಗಳು

ಎರಡು ಇವೆ. ಒಂದು, ಡಾಲರ್ ಹರಿದು ಬಂದಾಗ ದೇಶದ ನಾಣ್ಯ ಬಲವಾಗಿ ರಫ್ತು ಮಾಡುವವನ ಸರಕು ದುಬಾರಿಯಾಗುವುದು. ಅರ್ಥಶಾಸ್ತ್ರಜ್ಞರಾದ ರಘುರಾಮ್ ರಾಜನ್ ಮತ್ತು ಅರವಿಂದ್ ಸುಬ್ರಮಣಿಯನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ನೆರವು ಪಡೆದ ದೇಶಗಳಲ್ಲಿ ರಫ್ತು ಮಾಡುವ ಉದ್ಯಮಗಳ ಬೆಳವಣಿಗೆ ನಿಧಾನವಾದದ್ದನ್ನು ತೋರಿಸಿದರು. ಇದು ದೇಶದ ಮಟ್ಟದ ವಿಷಯ. ನಿಮ್ಮ ಕೂಟದ ಚೆಕ್ಕಿನಿಂದ ನಾಣ್ಯದ ಬೆಲೆ ಅಲ್ಲಾಡುವುದಿಲ್ಲ.

ಎರಡನೆಯದು ಮಾತ್ರ ಸಣ್ಣ ಸಂಸ್ಥೆಯೂ ಮಾಡಬಹುದಾದ ಹಾನಿ. ನೆರವು ಸಂಸ್ಥೆ ಊರಿಗೆ ಬಂದಾಗ ಒಳ್ಳೆಯ ಅಕೌಂಟೆಂಟ್, ಇಂಗ್ಲಿಷ್ ಬರುವ ಹುಡುಗಿ, ನಂಬಿಕಸ್ಥ ಡ್ರೈವರ್ – ಇವರೆಲ್ಲಾ ಅಲ್ಲಿಗೆ ಹೋಗುತ್ತಾರೆ. ಸಂಬಳ ಎರಡು ಮೂರು ಪಟ್ಟು. ಊರಿನ ಗೋಡೌನ್ ಬಾಡಿಗೆ ಏರುತ್ತದೆ. ಸ್ಥಳೀಯ ಉದ್ಯಮಿ ಅದೇ ಜನರನ್ನು, ಅದೇ ಗೋಡೌನನ್ನು ಕಳೆದುಕೊಳ್ಳುತ್ತಾನೆ. ಇದನ್ನು ತಡೆಯುವುದು ಕಷ್ಟವಲ್ಲ. ಸಂಬಳದ ದರವನ್ನು ಊರಿನ ದರಕ್ಕೆ ಹತ್ತಿರ ಇಡಿ.

ಸಂದರ್ಭ ನೋಡಿ ಆರಿಸುವುದಾದರೆ

ಮೊದಲ ಕೆಲಸ, ಸಂತೆಗೆ ಯಾರನ್ನಾದರೂ ಕಳಿಸಿ. ಅಂಗಡಿ ತೆರೆದಿದೆಯಾ? ದಾಸ್ತಾನು ಎಷ್ಟಿದೆ? ಇನ್ನೂ ಐವತ್ತು ಚೀಲ ಬೇಕು ಅಂದರೆ ಎಷ್ಟು ದಿನದಲ್ಲಿ ತರಿಸುತ್ತೀರಿ, ದರ ಎಷ್ಟಾಗುತ್ತದೆ ಅಂತ ಕೇಳಿ. ಒಂದು ವಾರದಲ್ಲಿ ಅದೇ ದರಕ್ಕೆ ತರಿಸುತ್ತೇವೆ ಅಂದರೆ ನಗದು ಕೊಡಿ, ಮುಂದೆ ಯೋಚಿಸಬೇಡಿ. ತರಿಸುತ್ತೇವೆ ಆದರೆ ಬಂಡವಾಳ ಇಲ್ಲ ಅಂದರೆ ನಗದಿನ ಜೊತೆ ಅಂಗಡಿಗಳಿಗೂ ಸಣ್ಣ ಮುಂಗಡ ಕೊಡಿ. ನೆರೆ ಭೂಕಂಪದ ನಂತರ ಇದು ತುಂಬಾ ಕೆಲಸ ಮಾಡುತ್ತದೆ, ಯಾಕೆಂದರೆ ಕೊಚ್ಚಿಹೋಗಿರುವುದು ಅವರ ದಾಸ್ತಾನು, ಅವರ ಸಂಪರ್ಕವಲ್ಲ. ಸಾಮಾನು ಬರುವ ದಾರಿಯೇ ಇಲ್ಲ ಅಂದರೆ ಮಾತ್ರ ಲಾರಿ ಕಳಿಸಿ. ಆಗಲೂ ಪಕ್ಕದ ಜಿಲ್ಲೆಯಲ್ಲಿ ಕೊಳ್ಳಿ. ನಿಲ್ಲಿಸುವ ತಾರೀಕನ್ನು ಮೊದಲೇ ಸಾರಿ ಹೇಳಿ, ಸುಗ್ಗಿಗೆ ಮುಂಚೆ ನಿಲ್ಲಿಸಿ.

ಆರೋಗ್ಯದ ವಸ್ತುವಾದರೆ ಉಚಿತ ಕೊಡಿ, ಆರ್ಡರ್ ಅಲ್ಲಿನವರಿಗೆ ಕೊಡಿ. ಕೆಲಸ ಹುಟ್ಟಿಸುವುದೇ ಗುರಿಯಾದರೆ ಬಂಡವಾಳ. ಕೂಪನ್ ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ದಾನಿಗಳು ನಗದಿಗೆ ಒಪ್ಪದಿದ್ದಾಗ ಮಾಡಿಕೊಳ್ಳುವ ರಾಜಿ ಅದು.

ನೀವೇ ಸರಬರಾಜು ಮಾಡುವವರಾದರೆ

ನೆರವಿನ ಆರ್ಡರ್ ಸಣ್ಣ ಉದ್ಯಮಕ್ಕೆ ಒಳ್ಳೆಯ ಗಿರಾಕಿ. ಪಾಣಿಪತ್ತಿನ ಮಿಲ್ಲುಗಳು ಪಶ್ಚಿಮದ ಹಳೆ ಉಣ್ಣೆ ಬಟ್ಟೆಯನ್ನು ಹಿಂಜಿ ನೂಲು ತೆಗೆದು, ಕಂಬಳಿ ನೇಯ್ದು ಪರಿಹಾರ ಸಂಸ್ಥೆಗಳಿಗೆ ಮಾರಿ ಬೆಳೆದವು. ವಿಶ್ವಸಂಸ್ಥೆಯ ಸಂಸ್ಥೆಗಳಿಗೆ ಮಾರಬೇಕೆಂದರೆ ಯುಎನ್ ಗ್ಲೋಬಲ್ ಮಾರ್ಕೆಟ್‌ಪ್ಲೇಸ್ ತಾಣದಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ಏಜೆಂಟರಿಂದ ದೂರ ಇರಿ.

ಆದರೆ ಇದೊಂದನ್ನೇ ನಂಬಿ ಯಂತ್ರ ಹಾಕಬೇಡಿ. 2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ 1ರ ಹೊತ್ತಿಗೆ ಆ ನೆರವನ್ನು ಹಂಚುತ್ತಿದ್ದ ಸರ್ಕಾರಿ ಸಂಸ್ಥೆ ಯುಎಸ್‌ಏಡ್ ಕೆಲಸವನ್ನೇ ನಿಲ್ಲಿಸಿತು. ಸಾಮಾನು ಕೊಟ್ಟು ಬಿಲ್ ಹಾಕಿ ಕಾಯುತ್ತಿದ್ದ ಎಷ್ಟೋ ದೇಶಗಳ ಸರಬರಾಜುದಾರರು, ಸಾಗಣೆದಾರರು, ಕಟ್ಟಡ ಬಾಡಿಗೆ ಕೊಟ್ಟವರು ಬೀದಿಗೆ ಬಿದ್ದರು. ತಪ್ಪು ಅವರದ್ದಾಗಿರಲಿಲ್ಲ. ಒಟ್ಟು ವ್ಯಾಪಾರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಂದೇ ದಾನಿಯ ಆರ್ಡರ್ ಆಗದಂತೆ ನೋಡಿಕೊಳ್ಳಿ. ಒಪ್ಪಂದದಲ್ಲಿ ಮುಂಗಡ ಎಷ್ಟು, ಸಾಮಾನು ತಲುಪಿದ ಎಷ್ಟು ದಿನಕ್ಕೆ ಹಣ, ಯೋಜನೆ ಮಧ್ಯೆ ರದ್ದಾದರೆ ಗೋಡೌನಿನಲ್ಲಿ ಉಳಿದ ಸರಕಿನ ಹೊಣೆ ಯಾರದ್ದು – ಈ ಮೂರನ್ನೂ ಸಹಿ ಹಾಕುವ ಮೊದಲು ಬರೆಸಿಕೊಳ್ಳಿ. ಆ ಮೂರನೆಯದನ್ನು ಬರೆದುಕೊಡಲು ಒಪ್ಪದ ಸಂಸ್ಥೆಯ ಜೊತೆ ಸಣ್ಣ ಆರ್ಡರ್ ಮಾತ್ರ ಮಾಡಿ.